ಚಾರ್ಜ್ ಪಟ್ಟಿಯಲ್ಲಿಲ್ಲದ ಬೀಗದ ಕೈ

ಶಾಲೆಗಳಲ್ಲಿ ಕೆಲಸ ಮಾಡಿದವರಿಗೆಲ್ಲ ‘ಚಾರ್ಜ್ ಪಟ್ಟಿ’ ಎಂಬ ಮಾತು ಚಿರಪರಿಚಿತ. ಮುಖ್ಯೋಪಾಧ್ಯಾಯರೊಬ್ಬರು ವರ್ಗವಾಗಿಯೋ ನಿವೃತ್ತರಾಗಿಯೋ ಹೊರಡುವಾಗ ತಮ್ಮ ವಶದಲ್ಲಿದ್ದ ದಾಖಲಾತಿ ಪುಸ್ತಕ, ನಗದು ಪುಸ್ತಕ, ಶಾಲೆಯ ಮೊಹರು, ಪ್ರಯೋಗಾಲಯದ ಸಾಮಾನು, ಬೀರುವಿನ ಬೀಗದ ಕೈ ಇವೆಲ್ಲವನ್ನೂ ಸಾಲುಸಾಲಾಗಿ ಬರೆದು, ಬಂದವರು ಅದನ್ನು ಎಣಿಸಿ ನೋಡಿ, ಇಬ್ಬರೂ ಸಹಿ ಮಾಡುವ ಕಾಗದವದು. ನಾನು ಸೇವೆಗೆ ಸೇರಿದ ಹೊಸತರಲ್ಲಿ ಇದೊಂದು ವ್ಯರ್ಥ ಶಾಸ್ತ್ರವೆಂದು ತರುಣ ಶಿಕ್ಷಕರೆಲ್ಲ ನಗುತ್ತಿದ್ದುದುಂಟು. ಮುರಿದ ಸ್ಟೂಲನ್ನೂ ಬಿಡದೆ ಬರೆಯುವ ಆ ಪಟ್ಟಿಯ ಹಿಂದೆ ಎಷ್ಟು ಜನರ ಅನುಭವ ಇದೆಯೆಂಬುದು ನನಗೆ ಚೆನ್ನಾಗಿ ಮನದಟ್ಟಾದದ್ದು ನಿವೃತ್ತಿಯ ನಂತರ, ಅದೂ ಒಂದು ಗಣಕಯಂತ್ರದಿಂದ.

ಮಲೆನಾಡಿನ ಒಂದು ಅನುದಾನಿತ ಪ್ರೌಢಶಾಲೆ. ಹೆಸರು ಬೇಡ, ನನ್ನ ವಿದ್ಯಾರ್ಥಿಗಳಿಗೆ ಹೇಳದೆಯೂ ತಿಳಿಯುತ್ತದೆ. ಅಲ್ಲಿನ ಹಳೆಯ ದಾಖಲಾತಿ ಪುಸ್ತಕಗಳಿಗೆ ಗೆದ್ದಲು ಹಿಡಿದಾಗ, ಗಣಿತದ ಜೊತೆಗೆ ಗಣಕವನ್ನೂ ಕಲಿಸುತ್ತಿದ್ದ ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ಎರಡು ಬೇಸಿಗೆ ರಜೆಗಳನ್ನು ವ್ಯಯಿಸಿ ಪ್ರತಿಯೊಂದು ಪುಟವನ್ನೂ ಸ್ಕ್ಯಾನ್ ಮಾಡಿದರು. ಹಳೆಯ ವಿದ್ಯಾರ್ಥಿಯೊಬ್ಬನ ಮೂಲಕ ಒಂದು ಕಂಪನಿ ತಾನು ಬಳಸಿ ಬಿಟ್ಟಿದ್ದ ಸರ್ವರ್ ಒಂದನ್ನು 2018ರಲ್ಲಿ ಶಾಲೆಗೆ ದಾನವಾಗಿ ಕೊಟ್ಟಿತು. ಚಪ್ಪಟೆಯಾದ ಪೆಟ್ಟಿಗೆಯಂತಿರುವ ಇಂಥ ಯಂತ್ರವನ್ನು 19 ಇಂಚು ಅಗಲದ ಉಕ್ಕಿನ ಚೌಕಟ್ಟಿಗೆ ಜೋಡಿಸುತ್ತಾರೆ. ಆ ಚೌಕಟ್ಟಿಗೆ ರ‍್ಯಾಕ್ ಎಂದು ಹೆಸರು. ಎತ್ತರವನ್ನು ‘ಯು’ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಯು ಎಂದರೆ 1.75 ಇಂಚು. ನಮ್ಮದು ಎರಡು ಯು ಎತ್ತರದ್ದು. ಅಂದಿನಿಂದ ಜನ್ಮದಿನಾಂಕದ ಪ್ರತಿ, ವ್ಯಾಸಂಗ ಪ್ರಮಾಣಪತ್ರ ಇತ್ಯಾದಿ ಬೇಕೆಂದು ಬಂದವರಿಗೆ ಆ ಯಂತ್ರವೇ ಆಧಾರವಾಯಿತು. ಮೂಲ ಪುಸ್ತಕದ ಎಷ್ಟೋ ಪುಟಗಳು ಇಂದು ಓದಲು ಬರುವ ಸ್ಥಿತಿಯಲ್ಲಿಲ್ಲ.

ಆ ಸಹೋದ್ಯೋಗಿ 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ ತೀರಿಕೊಂಡರು. ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ. ಚಾರ್ಜ್ ಕೊಡುವ ಅವಕಾಶ ಅವರಿಗೆಲ್ಲಿತ್ತು?

ಎರಡು ವರ್ಷ ಯಂತ್ರ ತನ್ನ ಪಾಡಿಗೆ ತಾನು ಓಡಿತು. 2023ರ ಜುಲೈ ಮಳೆಯಲ್ಲಿ ಮರ ಬಿದ್ದು ಊರಿಗೆ ಒಂದೂವರೆ ದಿನ ಕರೆಂಟ್ ಇರಲಿಲ್ಲ. ಯುಪಿಎಸ್ ಬರಿದಾಯಿತು. ಕರೆಂಟ್ ಬಂದ ಮೇಲೆ ಸರ್ವರಿನ ಫ್ಯಾನುಗಳು ತಿರುಗಿದವು, ದೀಪವೂ ಉರಿಯಿತು, ಆದರೆ ಕಡತಗಳು ಮಾತ್ರ ಯಾರಿಗೂ ಸಿಗಲಿಲ್ಲ. ಅದೇ ವಾರ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಅರವತ್ತರ ಸಮೀಪದವನು, ಭವಿಷ್ಯನಿಧಿಯ ದಾಖಲೆಯಲ್ಲಿ ತಪ್ಪಾಗಿ ನಮೂದಾಗಿದ್ದ ತನ್ನ ಜನ್ಮದಿನಾಂಕವನ್ನು ಸರಿಪಡಿಸಿಕೊಳ್ಳಲು ಶಾಲೆಯ ದಾಖಲೆ ಬೇಕೆಂದು ಬಂದು ಎರಡು ಬಾರಿ ಬರಿಗೈಯಲ್ಲಿ ಮರಳಿದ.

ಬೆಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವ ನನ್ನ ಶಿಷ್ಯನೊಬ್ಬನಿಗೆ ಫೋನ್ ಮಾಡಿದೆ. ಅವನು ಮೊದಲು ಕೇಳಿದ್ದೇ, “ಸಾರ್, ಅದರ ಮ್ಯಾನೇಜ್‌ಮೆಂಟ್ ಪಾಸ್‌ವರ್ಡ್ ಯಾರ ಹತ್ತಿರ ಇದೆ?” ಎಂದು. ಸರ್ವರಿನ ಕಡತಗಳಿಗೆ ಬೇಕಾದ ಪಾಸ್‌ವರ್ಡ್ ಹೊಸ ಗಣಕ ಶಿಕ್ಷಕಿಯ ರಿಜಿಸ್ಟರಿನಲ್ಲಿ ಇತ್ತು. ಅವನು ಕೇಳಿದ್ದು ಅದಲ್ಲ. ಅಂಥದೊಂದು ಇದೆಯೆಂಬುದೇ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಿಷಯ ಹೀಗಿದೆ. ಇಂಥ ಸರ್ವರಿನ ಒಳಗೆ ಮುಖ್ಯ ಗಣಕದ ಜೊತೆಗೆ ಇನ್ನೊಂದು ಪುಟ್ಟ ಗಣಕ ಇರುತ್ತದೆ. ಅದಕ್ಕೆ ತನ್ನದೇ ಆದ ಪ್ರೊಸೆಸರ್, ತನ್ನದೇ ಆದ ನೆನಪು, ಅನೇಕ ವೇಳೆ ತನ್ನದೇ ಆದ ಜಾಲದ ಕಿಂಡಿ. ದೊಡ್ಡ ಯಂತ್ರವನ್ನು ಆರಿಸಿದ್ದರೂ ವಿದ್ಯುತ್ ತಂತಿ ಸಿಕ್ಕಿಸಿರುವ ತನಕ ಇದು ಎಚ್ಚರವಾಗಿರುತ್ತದೆ. ಮನೆಯವರೆಲ್ಲ ಮಲಗಿದ ಮೇಲೂ ಜಗಲಿಯಲ್ಲಿ ಕುಳಿತಿರುವ ಕಾವಲುಗಾರನೆನ್ನಿ. ದೂರದಲ್ಲಿರುವ ಅಧಿಕಾರಿ ಇದರ ಮೂಲಕ ಯಂತ್ರವನ್ನು ಆರಿಸಬಹುದು, ಹೊತ್ತಿಸಬಹುದು, ಒಳಗಿನ ಉಷ್ಣತೆ ಎಷ್ಟೆಂದು ನೋಡಬಹುದು. ಸೌಲಭ್ಯವಿದ್ದರೆ ಪರದೆಯ ಮೇಲಿನ ಬರಹವನ್ನೂ ಓದಬಹುದು. ಡೆಲ್ ಕಂಪನಿಯವರು ಇದನ್ನು ಐಡ್ರ್ಯಾಕ್ ಎಂದು ಕರೆದರೆ ಎಚ್‌ಪಿಯವರು ಐಎಲ್‌ಓ ಎನ್ನುತ್ತಾರೆ. ಎಲ್ಲ ತಯಾರಕರಿಗೂ ಸಾಮಾನ್ಯವಾದ ಒಂದು ಭಾಷೆಯಿರಲೆಂದು ಇಂಟೆಲ್, ಡೆಲ್, ಎಚ್‌ಪಿ ಮತ್ತು ಎನ್‌ಇಸಿ ಕಂಪನಿಗಳು ಕೂಡಿ 1998ರಲ್ಲಿ ಐಪಿಎಂಐ ಎಂಬ ಮಾನಕವನ್ನು ಪ್ರಕಟಿಸಿದವು.

“ಆ ಪಾಸ್‌ವರ್ಡ್ ಇದ್ದಿದ್ದರೆ ಇಲ್ಲಿಂದಲೇ ನೋಡುತ್ತಿದ್ದೆ ಸಾರ್” ಎಂದ ಶಿಷ್ಯ, ಫೋನಿನಲ್ಲೇ ಹೇಳುತ್ತ ಶಿಕ್ಷಕಿಯಿಂದ ಪ್ರಯೋಗಾಲಯದ ಒಂದು ಮಾನಿಟರನ್ನೂ ಕೀಲಿಮಣೆಯನ್ನೂ ಜೋಡಿಸಿಸಿದ. ಯಂತ್ರದ ಗಡಿಯಾರವನ್ನು ನಡೆಸುವ ನಾಣ್ಯದಾಕಾರದ ಬ್ಯಾಟರಿ ಸತ್ತಿತ್ತು. ಸಮಯ ತಪ್ಪಾಗಿದೆ, ಮುಂದುವರಿಯಲು ಎಫ್1 ಒತ್ತಿ ಎಂದು ಬರೆದುಕೊಂಡು ಅದು ಮೂರು ದಿನಗಳಿಂದ ಕಾಯುತ್ತಿತ್ತು. ಪರದೆಯೇ ಇಲ್ಲದ ಕೋಣೆಯಲ್ಲಿ ಅದನ್ನು ಓದುವವರು ಯಾರು? ಶಿಕ್ಷಕಿ ಕೀಲಿ ಒತ್ತಿದರು, ಎಲ್ಲವೂ ಸರಿಹೋಯಿತು. ಆದರೆ ಮುಂದಿನ ಬಾರಿ ಕರೆಂಟ್ ಹೋದಾಗ ಮತ್ತೆ ಅದೇ ಕಥೆ. ಬ್ಯಾಟರಿ ಬದಲಿಸಬೇಕು, ಪಾಸ್‌ವರ್ಡನ್ನೂ ಹೊಸದಾಗಿ ಇಡಬೇಕು, ತಾನೇ ಬರುತ್ತೇನೆ ಎಂದ.

ಅವನು ಬರುವುದಕ್ಕೆ ಮೊದಲು ನಡೆದ ಒಂದು ಸಂಗತಿ ನನ್ನನ್ನು ಬಹಳ ನೋಯಿಸಿತು. ಆಡಳಿತ ಮಂಡಳಿಯ ಹಿರಿಯರೊಬ್ಬರು, “ಹೋಗುವವನು ಒಂದು ಮಾತು ಹೇಳಿ ಹೋಗಬಾರದಿತ್ತೇ?” ಎಂದರಂತೆ. ಆ ಮಾತು ಸಹೋದ್ಯೋಗಿಯ ಮಡದಿಯ ಕಿವಿಗೂ ತಲುಪಿತು. ಆಕೆ ಎರಡು ದಿನ ಕುಳಿತು ಅವರ ಡೈರಿ, ಟ್ರಂಕು, ಹಳೆಯ ಪಾಸ್‌ಬುಕ್ ಎಲ್ಲವನ್ನೂ ಹುಡುಕಿ, ಮಗಳ ಜನ್ಮದಿನ, ಸ್ಕೂಟರಿನ ಸಂಖ್ಯೆ ಹೀಗೆ ತೋಚಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ನನ್ನ ಮನೆಗೆ ಬಂದರು. “ಮೇಷ್ಟ್ರೇ, ಅವರು ಬದುಕಿದ್ದಷ್ಟು ಕಾಲ ಯಾರಿಗೂ ತೊಂದರೆ ಕೊಟ್ಟವರಲ್ಲ. ಈಗ ಹೋದ ಮೇಲೆ ಹೀಗೊಂದು ಮಾತು ಬಂತಲ್ಲ” ಎಂದು ಕಣ್ಣೀರು ತಂದುಕೊಂಡರು. ಆ ಚೀಟಿಯನ್ನು ನಾನು ಓದದೆ ಮಡಿಸಿ ಅವರಿಗೇ ಹಿಂದಿರುಗಿಸಿದೆ. “ಇದು ನಿಮ್ಮ ಮನೆಯ ವಿಷಯವಮ್ಮಾ, ಶಾಲೆಯದಲ್ಲ. ಹುಡುಗ ಬಂದು ಸರಿಮಾಡುತ್ತಾನೆ, ನೀವು ಚಿಂತೆ ಬಿಡಿ” ಎಂದೆ.

ಭಾನುವಾರ ಬೆಳಗ್ಗೆ ರಾತ್ರಿ ಬಸ್ಸಿನಿಂದ ಇಳಿದವನೇ ಶಿಷ್ಯ ಶಾಲೆಗೆ ನಡೆದ. ಅವನ ಕೆಲಸವನ್ನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ನೋಡಿದೆ. ಮೊದಲು ತಯಾರಕರು ಕೊಟ್ಟಿದ್ದ ಮೂಲ ಪಾಸ್‌ವರ್ಡನ್ನು ಹಾಕಿ ನೋಡಿದ. ಒಪ್ಪಲಿಲ್ಲ. “ನಮ್ಮ ಸಾರ್ ಇದನ್ನು ಬದಲಾಯಿಸಿದ್ದಾರೆ, ಎಷ್ಟೋ ದೊಡ್ಡ ಆಫೀಸುಗಳಲ್ಲೂ ಇದನ್ನು ಮಾಡಿರುವುದಿಲ್ಲ” ಎಂದು ಮೆಚ್ಚಿಕೊಂಡ. ಡೆಲ್ ಸರ್ವರುಗಳು ಬಹುಕಾಲ ‘ರೂಟ್’ ಎಂಬ ಹೆಸರು, ‘ಕ್ಯಾಲ್ವಿನ್’ ಎಂಬ ಪಾಸ್‌ವರ್ಡಿನೊಂದಿಗೇ ಬರುತ್ತಿದ್ದವೆಂಬುದು ಆ ವೃತ್ತಿಯವರಿಗೆಲ್ಲ ಗೊತ್ತು. 2017ರಲ್ಲಿ ಬಂದ ಹದಿನಾಲ್ಕನೆಯ ಪೀಳಿಗೆಯಿಂದ ಪ್ರತಿ ಯಂತ್ರಕ್ಕೂ ಬೇರೆಬೇರೆ ಪಾಸ್‌ವರ್ಡನ್ನು ಒಂದು ಪಟ್ಟಿಯ ಮೇಲೆ ಅಚ್ಚುಹಾಕಿ ಕೊಡುವ ಪದ್ಧತಿ ಬಂತು. ಜಾಲಕ್ಕೆ ಸೇರುವ ಉಪಕರಣಗಳಿಗೆ ಒಂದೇ ಸಾಮಾನ್ಯ ಪಾಸ್‌ವರ್ಡ್ ಇಟ್ಟು ಮಾರಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ 2018ರಲ್ಲಿ ಮಾಡಿದ ಶಾಸನ 2020ರ ಜನವರಿ 1ರಿಂದ ಜಾರಿಗೆ ಬಂದಿದೆ.

ಊಹಿಸಿ ನೋಡುವ ಕೆಲಸಕ್ಕೆ ಅವನು ಕೈಹಾಕಲಿಲ್ಲ. ಕೆಲವು ಬಾರಿ ತಪ್ಪಿದರೆ ಯಂತ್ರವೇ ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಕೊಳ್ಳುವುದುಂಟಂತೆ. ಬದಲಿಗೆ ರಿಜಿಸ್ಟರಿನಲ್ಲಿದ್ದ ಪಾಸ್‌ವರ್ಡಿನಿಂದ ಸರ್ವರಿನ ಒಳಗೆ ಹೋಗಿ, ಐಪಿಎಂಐಟೂಲ್ ಎಂಬ ಉಪಕರಣದಿಂದ ಆ ಪುಟ್ಟ ಗಣಕದ ಬಳಕೆದಾರರ ಪಟ್ಟಿಯನ್ನು ತರಿಸಿದ. ಎರಡನೆಯ ಕ್ರಮಾಂಕದಲ್ಲಿ ಆಡಳಿತಗಾರನ ಹೆಸರಿತ್ತು. ಇನ್ನೊಂದು ಸಾಲು ಬರೆದು ಎರಡನೆಯವನ ಪಾಸ್‌ವರ್ಡ್ ಇನ್ನು ಮುಂದೆ ಇದು ಎಂದು ತಿಳಿಸಿದ. ಅಷ್ಟೇ. ಐದು ನಿಮಿಷವೂ ಆಗಲಿಲ್ಲ.

“ಹಳೆಯದನ್ನು ಅದು ಕೇಳಲೇ ಇಲ್ಲವಲ್ಲ ಮಾರಾಯ!” ಎಂದೆ.

“ಕೇಳುವುದಿಲ್ಲ ಸಾರ್. ಹೊರಗಿನಿಂದ ಬಂದವನನ್ನು ಮಾತ್ರ ಕೇಳುತ್ತದೆ. ಒಳಗೆ ಯಜಮಾನನಾಗಿ ಕುಳಿತವನನ್ನು ನಂಬುತ್ತದೆ. ಆದರೆ ಹಳೆಯದು ಏನಿತ್ತೆಂದು ನಮಗೆ ಹೇಳುವುದೂ ಇಲ್ಲ.”

ಈ ದಾರಿಯೂ ಇಲ್ಲದಿದ್ದರೆ? ಯಂತ್ರವನ್ನು ಆರಿಸಿ ಹೊತ್ತಿಸುವಾಗ ಎಫ್2 ಒತ್ತಿ ವ್ಯವಸ್ಥೆಯ ಪುಟಕ್ಕೆ ಹೋಗಿ ಅಲ್ಲಿಯೇ ಬದಲಿಸಬಹುದಾದ ಯಂತ್ರಗಳಿವೆ. ಎಚ್‌ಪಿ ಸರ್ವರುಗಳಲ್ಲಿ ಮುಚ್ಚಳ ತೆಗೆದು ಒಳಗಿನ ಫಲಕದ ಮೇಲಿರುವ ಒಂದು ಸಣ್ಣ ಸ್ವಿಚ್ಚನ್ನು ಸರಿಸಿದರೆ ಐಎಲ್‌ಓದ ಕಾವಲು ತಾತ್ಕಾಲಿಕವಾಗಿ ಸಡಿಲಗೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮರೆಯದೆ ಮೊದಲಿನ ಸ್ಥಿತಿಗೆ ತರಬೇಕು. ಕಟ್ಟಕಡೆಯ ಉಪಾಯವೆಂದರೆ ಆ ಪುಟ್ಟ ಗಣಕವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವುದು. ಹಾಗೆ ಮಾಡಿದರೆ ಜಾಲದ ವಿಳಾಸ ಮುಂತಾದ ಅದರ ಎಲ್ಲ ಹೊಂದಾಣಿಕೆಗಳೂ ಅಳಿಸಿಹೋಗುತ್ತವೆ, ಆದರೆ ಸರ್ವರಿನ ಕಡತಗಳಿಗೆ ಏನೂ ಆಗುವುದಿಲ್ಲ. ಇವೆಲ್ಲವನ್ನೂ ಕೇಳಿದಾಗ ನನಗೆ ತೋಚಿದ್ದು, ಯಂತ್ರದ ಪಕ್ಕದಲ್ಲಿ ನಿಂತವನಿಗೆ ಯಾವ ಪಾಸ್‌ವರ್ಡೂ ದೊಡ್ಡ ತಡೆಯಲ್ಲ, ಆದುದರಿಂದ ಕೋಣೆಯ ಬಾಗಿಲಿಗೆ ಹಾಕುವ ಸಾಧಾರಣ ಬೀಗವೂ ಮುಖ್ಯವೇ ಎಂಬುದು.

ಹೊಸ ಪಾಸ್‌ವರ್ಡಿಗೆ ನಮ್ಮ ಕಡೆಯ ಒಂದು ಆಡುಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ನಡುವೆ ಅಂಕಿ ಸೇರಿಸಿದೆವು. ಐಪಿಎಂಐ 2.0ರಲ್ಲಿ ಇಪ್ಪತ್ತು ಅಕ್ಷರಗಳ ಮಿತಿ ಇರುವುದರಿಂದ ಗಾದೆಗಳೆಲ್ಲ ಹಿಡಿಸಲಿಲ್ಲ. 2004ರಲ್ಲಿ ಬಂದ ಆ ಆವೃತ್ತಿಯಲ್ಲಿ ಒಂದು ದೋಷವೂ ಇದೆ. ಜಾಲದ ಮೂಲಕ ಕೇಳಿದವರಿಗೆ, ಅವರು ಯಾರೆಂದು ಖಚಿತವಾಗುವ ಮೊದಲೇ, ಪಾಸ್‌ವರ್ಡಿನಿಂದ ಹುಟ್ಟಿದ ಒಂದು ಸಂಕೇತವನ್ನು ಅದು ಕೊಟ್ಟುಬಿಡುತ್ತದೆ. ಅದನ್ನಿಟ್ಟುಕೊಂಡು ದುರ್ಬಲ ಪಾಸ್‌ವರ್ಡನ್ನು ಕಂಡುಹಿಡಿಯಬಹುದೆಂದು 2013ರಲ್ಲಿ ಬಯಲಾಯಿತು. ಆದ್ದರಿಂದ ಅವನು ಜಾಲದ ಮೂಲಕ ಐಪಿಎಂಐ ಬಳಸುವ ದಾರಿಯನ್ನೇ ಮುಚ್ಚಿ, ಶಾಲೆಯ ಒಳಜಾಲದಿಂದ ಮಾತ್ರ ತೆರೆಯುವ ಪುಟವನ್ನು ಉಳಿಸಿದ. ಬ್ಯಾಟರಿಯನ್ನೂ ಬದಲಿಸಿದ. ಸಂಜೆಯ ಹೊತ್ತಿಗೆ ಭವಿಷ್ಯನಿಧಿಯವನ ದಾಖಲೆಯ ಪುಟ ಅಚ್ಚಾಗಿತ್ತು. ಮರುದಿನ ಮುಖ್ಯೋಪಾಧ್ಯಾಯರ ಸಹಿ, ಮೊಹರು ಬಿದ್ದು ಅದು ಅವನ ಕೈಸೇರಿತು.

ಇನ್ನು ಆ ಹಿರಿಯರ ಮಾತಿಗೆ ಬರೋಣ. ಗಣಕಲೋಕಕ್ಕೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ. ಫರ್ನಾಂಡೋ ಕಾರ್ಬಟೋ ಅವರ ನೇತೃತ್ವದಲ್ಲಿ ರೂಪುಗೊಂಡ ವ್ಯವಸ್ಥೆಯಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದರು. ಒಬ್ಬನ ಕಡತ ಇನ್ನೊಬ್ಬನಿಗೆ ಕಾಣದಿರಲೆಂದು ಪ್ರತಿಯೊಬ್ಬನಿಗೂ ಒಂದು ಗುಪ್ತಪದ. ಅದು ವ್ಯಕ್ತಿಯ ಸ್ವತ್ತು. ಯಾರಿಗೂ ಹೇಳಬಾರದೆಂಬ ನಿಯಮ ಅಲ್ಲಿ ಸರಿ. ಆದರೆ ಶಾಲೆಯ ಸರ್ವರಿನ ಪಾಸ್‌ವರ್ಡ್ ವ್ಯಕ್ತಿಯದಲ್ಲ, ಹುದ್ದೆಯದು. ಬೀರುವಿನ ಬೀಗದ ಕೈಗೆ ಇರುವ ಸ್ಥಾನವೇ ಅದಕ್ಕೂ ಸಲ್ಲಬೇಕು. ನನ್ನ ಸಹೋದ್ಯೋಗಿ ಗುಟ್ಟನ್ನು ಗುಟ್ಟಾಗಿಯೇ ಕಾಪಾಡಿದರು, ಅದು ಅವರ ಕರ್ತವ್ಯವಾಗಿತ್ತು. ಅದನ್ನು ಎಲ್ಲಿ ಒಪ್ಪಿಸಿಡಬೇಕೆಂದು ಒಂದು ಜಾಗ ತೋರಿಸಬೇಕಾದದ್ದು ಸಂಸ್ಥೆ. ಅವರು ಇದ್ದಷ್ಟು ಕಾಲ ಯಾರೂ ಅವರನ್ನು ಕೇಳಿರಲಿಲ್ಲ. ಈ ಮಾತನ್ನು ನಾನು ಮಂಡಳಿಯ ಸಭೆಗೆ ಹೋಗಿ ಹೇಳಿದೆ. ಆ ಹಿರಿಯರು ಸಜ್ಜನರು. ತಾವೇ ಆಕೆಯ ಮನೆಗೆ ಹೋಗಿ ಮಾತನಾಡಿಸಿ ಬಂದರು.

ವ್ಯವಸ್ಥೆಗೆ ಹೊಸದೇನನ್ನೂ ಕಂಡುಹಿಡಿಯಬೇಕಾಗಿರಲಿಲ್ಲ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಗಳನ್ನು ಮೊಹರು ಮಾಡಿ ಖಜಾನೆಯಲ್ಲಿಡುವ ಪದ್ಧತಿಯನ್ನು ನಾವೆಲ್ಲ ಕಂಡವರೇ. ಅದೇ ರೀತಿಯಲ್ಲಿ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ಮೇಲೆ ಮುಖ್ಯೋಪಾಧ್ಯಾಯರು ಮತ್ತು ಗಣಕ ಶಿಕ್ಷಕಿ ಇಬ್ಬರೂ ಸಹಿ ಮಾಡಿ ಬೀರುವಿನಲ್ಲಿಟ್ಟರು. ತೆರೆದರೆ ದಿನಾಂಕ, ಕಾರಣ ಬರೆಯಬೇಕು. ಅನಂತರ ಹೊಸ ಪಾಸ್‌ವರ್ಡ್, ಹೊಸ ಲಕೋಟೆ. ಚಾರ್ಜ್ ಪಟ್ಟಿಯಲ್ಲಿ ಅದಕ್ಕೊಂದು ಕ್ರಮಾಂಕವೂ ಬಂತು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಕಚೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಜವಾಬ್ದಾರಿಯ ಸ್ಥಾನಗಳಲ್ಲಿದ್ದೀರಿ. ನಿಮ್ಮ ಒಬ್ಬರ ತಲೆಯಲ್ಲಿ ಮಾತ್ರ ಇರುವ, ಆದರೆ ನಿಮ್ಮದಲ್ಲದ ಗುಟ್ಟುಗಳು ಯಾವುವೆಂದು ಒಮ್ಮೆ ಲೆಕ್ಕ ಹಾಕಿ, ಅವುಗಳಿಗೊಂದು ಲಕೋಟೆ ಮಾಡಿ. ಮನೆಯ ವಿಷಯ ಬೇರೆ. ಬ್ಯಾಂಕಿನ ಪಿನ್ ಯಾರಿಗೂ ಹೇಳಬೇಡಿ. ಆದರೆ ನಾಮಿನಿ ಹೆಸರು ಬರೆಸಿದ್ದೀರೋ ನೋಡಿ. ಗೂಗಲ್ ಖಾತೆಯನ್ನು ಬಹುಕಾಲ ಬಳಸದಿದ್ದರೆ ಅದರಲ್ಲಿರುವುದು ಯಾರಿಗೆ ಸೇರಬೇಕೆಂದು ಮೊದಲೇ ಸೂಚಿಸಿಡುವ ಸೌಲಭ್ಯ 2013ರಿಂದಲೇ ಇದೆ. ನಾಳೆ ನಮ್ಮ ಮನೆಯವರು ಟ್ರಂಕು ತೆಗೆದು ಹುಡುಕುತ್ತ ಕೂರುವಂತಾಗಬಾರದು. ಈ ವಾರದೊಳಗೆ ಇಷ್ಟನ್ನು ಮಾಡಿ ಮುಗಿಸಿದವರು ನನಗೊಂದು ಮಾತು ತಿಳಿಸಿದರೆ, ಹೋಂವರ್ಕ್ ತಿದ್ದಿದಷ್ಟೇ ಸಂತೋಷಪಡುತ್ತೇನೆ.