ಜಜ್ಜದ ಬಾಯಿ

ನಮ್ಮ ಕರಿಯನ ಮೈಬಣ್ಣ ನೋಡಿದವರು ಮೊದಲು ಹೆದರುತ್ತಾರೆ, ಆಮೇಲೆ ಬಾಲ ನೋಡಿ ಧೈರ್ಯ ತಂದುಕೊಳ್ಳುತ್ತಾರೆ. ಬುಡದಲ್ಲಿ ದಪ್ಪ, ತುದಿಗೆ ಬರುತ್ತ ಸಣ್ಣ, ಸುತ್ತಲೂ ಗಿಡ್ಡ ಒತ್ತುಗೂದಲು. ಲ್ಯಾಬ್ರಡಾರ್ ಜಾತಿಯ ಗುರುತೇ ಆ ಬಾಲ. ನೀರಿಗಿಳಿದರೆ ಅದೇ ಚುಕ್ಕಾಣಿ; ಮನೆಯೊಳಗೆ ಅದಕ್ಕಿರುವ ಕೆಲಸ ಕಾಫಿ ಲೋಟ ಉರುಳಿಸುವುದು. ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಅವನ ಬಾಯಿ.

ಒಂದು ಬೆಳಿಗ್ಗೆ ಹಿತ್ತಲಿಂದ ತಲೆಯೆತ್ತಿಕೊಂಡು, ಗತ್ತಿನಿಂದ ಬಂದ. ತುಟಿಯ ಸಂದಿಯಲ್ಲಿ ಹಳದಿ ಕಾಲೊಂದು ಇಣುಕುತ್ತಿತ್ತು. ಅಂಗೈಯೊಡ್ಡಿ ‘ಬಿಡು’ ಅಂದೆ. ಪಕ್ಕದ ಮನೆ ಅಜ್ಜಿಯ ಕೋಳಿಮರಿ! ಜೊಲ್ಲಲ್ಲಿ ತೊಯ್ದು ತೊಪ್ಪೆಯಾಗಿತ್ತು, ಆದರೆ ಒಂದು ಗೀರೂ ಇಲ್ಲ. ಮೈ ಕೊಡವಿ, ಕಿಚಕಿಚ ಅಂತ ಬೈದು ತಾಯಿಯತ್ತ ಓಡಿತು. ಬೇಲಿಯಾಚೆ ನಿಂತಿದ್ದ ಅಜ್ಜಿ, “ಯಾನಪ್ಪ ಇದು, ನಾಯೋ ಸೂಲಗಿತ್ತಿಯೋ?” ಅಂದರು.

ಈ ಮೆತ್ತನೆಯ ಬಾಯಿ ತಲೆಮಾರುಗಳಿಂದ ಆಯ್ದು ಆಯ್ದು ಬಂದದ್ದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಬೆಸ್ತರು ಇವನ ಹಿರೀಕರನ್ನು ಕೊರೆಯುವ ಸಮುದ್ರಕ್ಕಿಳಿಸಿ ಹಗ್ಗ, ಬಲೆ, ಗಾಳದಿಂದ ಜಾರಿದ ಮೀನು ತರಿಸುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಆ ನಾಯಿಗಳು ಇಂಗ್ಲೆಂಡಿಗೆ ಬಂದವು. ಮಾಮ್ಸ್‌ಬರಿಯ ಅರ್ಲ್, ಬಕ್ಲೂವಿನ ಡ್ಯೂಕ್ ಮನೆತನದವರು ಗುಂಡೇಟಿಗೆ ಬಿದ್ದ ಹಕ್ಕಿ ತರಿಸಲು ಅವನ್ನು ಸಾಕಿದರು. ಹಕ್ಕಿಯನ್ನು ಜಜ್ಜಿ ತಂದರೆ ದೊರೆಯ ಊಟದ ಮೇಜಿಗೆ ಏನು ಉಳಿದೀತು? 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಇವನ್ನು ಒಂದು ಜಾತಿಯೆಂದು ಒಪ್ಪಿತು.

ಇಂಥ ಕಸುಬುದಾರ ನಮ್ಮೂರು ತೆರಕಣಾಂಬಿಗೆ ಬಂದು ಮಾಡುವುದೇನು? ಮೈಸೂರು ಮಹಾರಾಜರು ಬೇಟೆಯಾಡಿದ ಬಂಡೀಪುರ ಇಲ್ಲೇ ಪಕ್ಕದಲ್ಲಿದೆ, ನಿಜ. ಆದರೆ 1972ರ ವನ್ಯಜೀವಿ ಕಾಯ್ದೆ ಬಂತು, ಮರುವರ್ಷ ಹುಲಿ ಯೋಜನೆ ಬಂತು, ಬೇಟೆ ಮುಗಿಯಿತು. ಮುಗಿದದ್ದೇ ಒಳ್ಳೆಯದು. ಉಳಿದದ್ದು ಕೆಲಸವಿಲ್ಲದ ಕರಿಯ. ಇವನಿಗೆ ಕೆಲಸ ಕೊಡದಿದ್ದರೆ ಇವನೇ ಹುಡುಕಿಕೊಳ್ಳುತ್ತಾನೆ, ಬಂದ ನೆಂಟರ ಚಪ್ಪಲಿ ಸಿಗುವುದಿಲ್ಲ.

ಅದಕ್ಕೇ ಸಂಜೆಯ ನಮ್ಮ ಆಟ. ಒಣಗಿದ ತೆಂಗಿನ ಮಟ್ಟೆಗೆ ಗೋಣಿತಾಟು ಸುತ್ತಿ ಹುರಿಹಗ್ಗ ಬಿಗಿದರೆ ನೀರಲ್ಲಿ ತೇಲುವ, ಬಾಯಿಗೆ ಒರಟಾಗದ ಆಟಿಕೆ ಸಿದ್ಧ. ಮರದ ಕಡ್ಡಿ ಎಸೆಯಬಾರದು, ಓಡುವ ಭರದಲ್ಲಿ ಗಂಟಲಿಗೆ ಚುಚ್ಚಿಕೊಳ್ಳುತ್ತದೆ. ಮಟ್ಟೆ ಕೆರೆಗೆ ಬಿದ್ದ ಮೇಲೂ ಅವನು ಕೂತೇ ಇರಬೇಕು. ಈ ಆಟದ ಸೊಗಸೆಲ್ಲ ಆ ಕಾಯುವಿಕೆಯಲ್ಲಿದೆ: ಮುಂಗಾಲು ನಡುಗುತ್ತಿರುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಕಣ್ಣು ಮಟ್ಟೆ ಬಿದ್ದ ಜಾಗಕ್ಕೆ ನೆಟ್ಟಿರುತ್ತದೆ. ‘ತಾ’ ಅಂದದ್ದೇ ಕಪ್ಪು ಮೈ ನೀರು ಸೀಳುತ್ತದೆ. ತಂದಾಗ ಜಗ್ಗಾಡಿ ಕಸಿದುಕೊಳ್ಳಬಾರದು, ಹಲ್ಲು ಬಿಗಿಯುವುದನ್ನು ನಾವೇ ಕಲಿಸಿದಂತಾಗುತ್ತದೆ. ಕೊಡದೆ ಓಡಿದರೆ ಬೆನ್ನಟ್ಟಲೂಬಾರದು, ತಿರುಗಿ ಮನೆ ಕಡೆ ನಡೆದರೆ ಸಾಕು, ಹಿಂದೆಯೇ ಬರುತ್ತಾನೆ. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಬೇಕು. ಇದು ಮಾತ್ರ ನಾಯಿಗಿಂತ ನನಗೆ ಕಷ್ಟ.

ಆಟ ಮುಗಿದರೆ ಆರೈಕೆ. ಜೋತುಬಿದ್ದ ಕಿವಿಯೊಳಗೆ ನೀರು ನಿಂತರೆ ಸೋಂಕು, ಒಣಬಟ್ಟೆಯಿಂದ ಒರೆಸಬೇಕು. ಕುರಿ ಮೇಕೆ ಓಡಾಡುವ ದಾರಿ ನಮ್ಮದು. ಬೆರಳ ಸಂದಿ, ಕಿವಿಯ ಬುಡ ತಡಕಿದರೆ ಉಣ್ಣಿ ಸಿಕ್ಕೇ ಸಿಗುತ್ತದೆ. ಬಿಟ್ಟರೆ ಜ್ವರ, ಕೆಲವೊಮ್ಮೆ ಜೀವಕ್ಕೇ ಕುತ್ತು. ಏಪ್ರಿಲ್ ಬಿಸಿಲಿಗೆ ಹೆದರಿ ಕೂದಲು ಬೋಳಿಸುವವರುಂಟು. ಬೇಡ, ಒಳಪದರ ಹೊರಪದರ ಎರಡೂ ಇರುವ ಆ ಕೋಟೇ ಬಿಸಿಲಿನಿಂದ ಚರ್ಮ ಕಾಯುವುದು. ಓಟವನ್ನು ಹೊತ್ತು ಮೂಡುವ ಮುಂಚೆ, ಇಲ್ಲವೇ ಹೊತ್ತು ಇಳಿದ ಮೇಲೆ ಇಟ್ಟುಕೊಂಡರಾಯಿತು.

ಹೊಟ್ಟೆಬಾಕತನಕ್ಕೆ ಬೈದು ಪ್ರಯೋಜನವಿಲ್ಲ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೊಂದರಲ್ಲಿ ಪಿಒಎಂಸಿ ಎಂಬ ಜೀನಿನ ತುಣುಕೊಂದು ಇಲ್ಲವೆಂದು 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ತೋರಿಸಿದರು. ಹಸಿವು ಹೆಚ್ಚಲು, ಮೈ ಬರಲು ಅದೂ ಒಂದು ಕಾರಣ. ಅಳೆದು ಹಾಕದಿದ್ದರೆ ಮೈ ಬಂದು ಸೊಂಟದ ಕೀಲು ಕೆಡುತ್ತದೆ. ನನ್ನ ನಿಜವಾದ ಭಯ ಮಾತ್ರ ಈರುಳ್ಳಿ. ನಮ್ಮ ಸೀಮೆಯ ಹೊಲಹೊಲದಲ್ಲೂ ಸಣ್ಣ ಈರುಳ್ಳಿ. ಹಸಿಯಾಗಲಿ ಬೆಂದದ್ದಾಗಲಿ, ಅದು ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ‘ನಿನ್ನೆಯ ಸಾರು ಮಿಕ್ಕಿದೆ, ನಾಯಿಗೆ ಹಾಕ್ಲಾ?’ ಅನ್ನುವ ಅಕ್ಕರೆಯನ್ನು ದಿನಾ ತಡೆಯಬೇಕು.

ರಾತ್ರಿ ಅವನನ್ನು ಹೊರಗೆ ಕಟ್ಟುವುದಿಲ್ಲ. ಕಾಡಂಚಿನ ಸೀಮೆಯಲ್ಲಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ. ಬಾಗಿಲು ಹಾಕಿ ನಾನು ಜಗಲಿಯಲ್ಲಿ ಕೂತದ್ದು ನೋಡಿ ಅಜ್ಜಿಗೆ ನಗು: “ಮನೆ ಕಾಯ್ಲಿ ಅಂತ ನಾಯಿ ಸಾಕುದ್ರೆ, ನಾಯಿ ಕಾಯಾಕೆ ನೀನಾ?” ಇವನ ಕಾವಲಿನ ಮೇಲೆ ನನಗೂ ಭರವಸೆಯಿಲ್ಲ. ಕಳ್ಳ ಬಂದರೆ ಕರಿಯ ಮಟ್ಟೆ ಕಚ್ಚಿಕೊಂಡು ಎದುರು ಕೂರುತ್ತಾನೆ. ಒಂದು ಸಲವಾದರೂ ಎಸೆಯದೆ ಒಳಗೆ ಬಿಡುವುದಿಲ್ಲ.