ಒಳಗೆ ಬಡಿಯುವ ರೊಟ್ಟಿ

ನಾನು ಚಿಕ್ಕವಳಿದ್ದಾಗ ನಮ್ಮ ಶಿರಗುಪ್ಪಿಯ ಹೆಂಗಸರಿಗೆ ಮನೆಯ ಹೊರಗೆ ಉಣ್ಣಲು ಮೂರೇ ನೆಪಗಳಿದ್ದವು: ಲಗ್ನ, ಜಾತ್ರೆ, ಇಲ್ಲವೆ ಮಿರಜದ ದವಾಖಾನೆ. ಲಗ್ನದಲ್ಲಿ ಗಂಡಸರ ಪಂಕ್ತಿ ಎದ್ದ ಮೇಲೆ ನಮ್ಮದು. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದರೆ ಬುತ್ತಿ ಕಟ್ಟುವವರೂ ನಾವೇ, ಬಿಚ್ಚಿ ಬಡಿಸುವವರೂ ನಾವೇ. ಇನ್ನು ರೋಗಿಯನ್ನು ಒಳಗೆ ಮಲಗಿಸಿ ಬಂದು ದವಾಖಾನೆಯ ಮುಂದೆ ಉಂಡ ಊಟದ ರುಚಿ ಯಾರಿಗೆ ನೆನಪಿರುತ್ತದೆ? ಹಸಿವಾಗಿದೆ ಎಂಬ ಒಂದೇ ಕಾರಣಕ್ಕೆ ಹೆಂಗಸೊಬ್ಬಳು ದುಡ್ಡು ಕೊಟ್ಟು, ಕುಳಿತು ಉಣ್ಣಬಹುದು ಎಂಬುದು ನನಗೆ ತಿಳಿದದ್ದು ನೌಕರಿ ಸೇರಿದ ಮೇಲೆಯೇ.

ಆಗ ನಮಗೆ ಕಾಗವಾಡ ತಾಲೂಕು ಇರಲಿಲ್ಲ; ಅದು ಬೇರೆಯಾದದ್ದು 2018ರಲ್ಲಿ. ಶಾಲೆಯ ಏನೇ ಕೆಲಸವಿರಲಿ, ಅಥಣಿಗೇ ಹೋಗಬೇಕು. ಕಚೇರಿಯಲ್ಲಿ ಸಾಹೇಬರು ‘ಊಟಕ್ಕೆ ಹೋಗ್ಯಾರ’ ಎಂದಾಗ ನಮಗೂ ಹೊಟ್ಟೆಯಿದೆ ಎಂಬುದು ನೆನಪಾಗುತ್ತಿತ್ತು. ಪೇಟೆಯ ದೊಡ್ಡ ಹೋಟೆಲಿನಲ್ಲಿ ಹಸಿರು ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮು ಇತ್ತು. ಒಬ್ಬಳೇ ಹೋದರೆ ನಾನು ಫ್ಯಾಮಿಲಿಯೋ ಅಲ್ಲವೋ ಎಂದು ನೀರು ತಂದಿಡುವ ಹುಡುಗನಿಗೆ ಗೊಂದಲ. ಆ ಪರದೆಗೆ ಎಷ್ಟು ಜನ ಕೈ ಒರೆಸಿದ್ದರೋ, ಅದರ ಪಕ್ಕ ಕುಳಿತರೆ ಸಾಂಬಾರಿನ ವಾಸನೆ ಸೀರೆಗೇ ಹತ್ತುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲೆಂದೇ ಜೊತೆಯ ಶಿಕ್ಷಕಿಯೊಬ್ಬರು ನನ್ನನ್ನು ಓಣಿಯೊಳಗಿನ ಖಾನಾವಳಿಗೆ ಕರೆದುಕೊಂಡು ಹೋದರು.

ಮನೆಯ ಪಡಸಾಲೆಯೇ ಊಟದ ಜಾಗ. ನಾಲ್ಕು ಕಡಪಾ ಕಲ್ಲಿನ ಮೇಜು, ಉದ್ದನೆಯ ಬಾಕು. ಗಲ್ಲಾದಲ್ಲಿ ಎಲ್ಲರೂ ಮಾವಶಿ ಎಂದು ಕರೆಯುವ ಹೆಂಗಸು. ಪರದೆ ಇಲ್ಲ, ಮೆನು ಇಲ್ಲ. ಕುಳಿತ ಕೂಡಲೇ ತಾಟು ಬರುತ್ತಿತ್ತು: ಎಣ್ಣೆಗಾಯಿ ಬದನೆ, ಮಡಕಿ ಕಾಳಿನ ಪಲ್ಯ, ಹಸಿ ಮೆಂತ್ಯ, ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅದರ ನೆತ್ತಿಯ ಮೇಲೆ ಒಂದು ಚಮಚ ಗಟ್ಟಿ ಮೊಸರು. ಆಮೇಲೆ ಒಳಗಿನಿಂದ, ಉಬ್ಬಿದ ಹೊಟ್ಟೆ ಇನ್ನೂ ಇಳಿಯದ ಜೋಳದ ರೊಟ್ಟಿ. ಮುರಿದರೆ ಹಬೆ ಬೆರಳು ಸುಡುತ್ತಿತ್ತು. ತಾಟಿನಲ್ಲಿ ಅರ್ಧ ರೊಟ್ಟಿ ಇರುವಾಗಲೇ ಮಾವಶಿಯ ದನಿ: “ಇನ್ನೊಂದ ಹಾಕಲೇನ್ರಿ ಅಕ್ಕೋರ?”

ಈ ಪ್ರಶ್ನೆಯನ್ನು ನನಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಅದು ನಾನು ಇತರರಿಗೆ ಕೇಳುವ ಪ್ರಶ್ನೆ. ಓದುವ ನಿಮ್ಮಲ್ಲಿ ಬಹಳ ಮಂದಿಗೂ ಹೀಗೇ ಇರಬಹುದು.

1994ರ ದೀಪಾವಳಿಗೆ ಸೀರೆ ಕೊಡಿಸಲೆಂದು ಅವ್ವನನ್ನು ಅಥಣಿಗೆ ಕರೆದೊಯ್ದಿದ್ದೆ. ಖಾನಾವಳಿಯ ಹೊಸ್ತಿಲಲ್ಲಿ ನಿಂತು “ನಾ ಒಲ್ಲೆವಾ, ಗಂಡಸರು ಕುಂತಾರ” ಎಂದಳು. ಮಾವಶಿಯೇ ಎದ್ದು ಬಂದು ಕೈ ಹಿಡಿದು ಕೂಡಿಸಿದರು. ಅವ್ವ ಹನ್ನೊಂದು ಮಂದಿಯ ಮನೆಗೆ ದಿನಾ ಮುಂಜಾನೆ ಐವತ್ತು ರೊಟ್ಟಿ ಬಡಿದವಳು. ಹೊಲಕ್ಕೆ ಹೋಗುವವರ ಬುತ್ತಿ, ಶಾಲೆಗೆ ಹೋಗುವವರ ಡಬ್ಬಿ, ಮಾವನವರ ತಾಟು, ಎಲ್ಲ ಮುಗಿದು ಒಲೆ ಆರಿದ ಮೇಲೆ, ಉಳಿದ ಹಿಟ್ಟಿನಲ್ಲಿ ಆದಷ್ಟು ದಪ್ಪಗೆ ಬಡಿದಿಟ್ಟ ತಣ್ಣಗಿನ ರೊಟ್ಟಿ ಅವಳ ಪಾಲಿಗೆ. ಅಂದು ಎರಡನೆಯ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಯಾಕವ್ವಾ?”

“ತಡಿ. ಒಳಗ ಯಾರು ಬಡ್ಯಾಕತ್ತಾರ?”

ಗೋಡೆಯಾಚೆಯಿಂದ ಪಟ ಪಟ ಸಪ್ಪಳ ಒಂದೇ ಸಮನೆ ಬರುತ್ತಿತ್ತು. ನನಗೆ ಅದು ಕೇಳಿಸಿಯೇ ಇರಲಿಲ್ಲ. ಅಡುಗೆಮನೆಯ ಸಪ್ಪಳ ಯಾರಿಗೆ ಕೇಳಿಸುತ್ತದೆ? ಅವ್ವ ಕಿವಿಗೊಟ್ಟಳು. “ಕೈ ಪಳಗೇತಿ. ಆದ್ರ ದಣದೈತಿ,” ಎಂದಳು. ಮನೆಯಲ್ಲಿ ಎರಡು ಉಣ್ಣುವವಳು ಅಂದು ನಾಲ್ಕು ಉಂಡಳು. ಕೈ ತೊಳೆದು ನೇರ ಒಳಗೆ ಹೋದಳು. ತಗಡಿನ ಮಾಡಿನ ಕೆಳಗೆ ಎರಡು ಒಲೆ, ಮೂವರು ಹೆಂಗಸರು. ಒಬ್ಬಳು ಎಸರು ಹಾಕಿ ಹಿಟ್ಟು ನಾದುವವಳು, ಒಬ್ಬಳು ಬಡಿಯುವವಳು, ಒಬ್ಬಳು ಹಂಚಿನ ಮೇಲೆ ನೀರಿನ ಅರಿವೆ ಆಡಿಸಿ ತಿರುವಿ ಹಾಕುವವಳು. “ಉಂಡೀರೇನವಾ?” ಎಂದು ಅವ್ವ ಕೇಳಿದಳು. ಮೂವರೂ ನಕ್ಕರು. “ನಮ್ದು ಮೂರ ಗಂಟೇಕ ಬೇ.”

ಬಸ್ಸಿನಲ್ಲಿ ಅವ್ವ ಸೀರೆಯ ಮಾತೇ ಎತ್ತಲಿಲ್ಲ. ಉಗಾರ ದಾಟಿದ ಮೇಲೆ, “ಬಿಸಿ ರೊಟ್ಟಿ ಹಿಂಗ ಇರತೈತಂತ ನನಗ ಗೊತ್ತ ಇರಲಿಲ್ಲ ನೋಡ,” ಎಂದಳು. ನಲವತ್ತು ವರ್ಷ ರೊಟ್ಟಿ ಮಾಡಿದವಳ ಮಾತು ಅದು.

ಅಲ್ಲಿಂದೀಚೆಗೆ ಯಾವ ಊರಿನ ಖಾನಾವಳಿಗೆ ಹೋದರೂ ನನ್ನ ಕಿವಿ ಒಳಗಡೆಗೇ. ಉಡುಪಿ ಹೋಟೆಲಿನ ಅಡುಗೆಮನೆ ಬಹುತೇಕ ಗಂಡಸರದು. ರೊಟ್ಟಿಯ ಖಾನಾವಳಿ ಹಾಗಲ್ಲ. ಧಾರವಾಡದ ಬಸಪ್ಪನ ಖಾನಾವಳಿಯಂಥ ಹೆಸರುವಾಸಿ ಜಾಗವಿರಲಿ, ಹುಬ್ಬಳ್ಳಿ-ಗದಗಿನ ಸಾವಜಿ ಖಾನಾವಳಿಗಳಿರಲಿ, ನಮ್ಮ ಕಡೆಯ ಊಟ ನಿಂತಿರುವುದು ಹೆಂಗಸರ ಕೈಮೇಲೆ. ಜೋಳದ ಹಿಟ್ಟಿಗೆ ಗೋದಿಯಷ್ಟು ಜಿಗಿ ಇಲ್ಲ. ಕುದಿಯುವ ನೀರು, ಬಿಸಿಯಿರುವಾಗಲೇ ನಾದುವ ಅಂಗೈ, ಒಡೆಯದಂತೆ ಅಂಚು ತಿದ್ದುವ ಬೆರಳು, ಇಷ್ಟೂ ಬೇಕು. ಆದರೆ ಬೋರ್ಡಿನ ಮೇಲೆ ದೇವರ ಹೆಸರು ಇಲ್ಲವೆ ಯಜಮಾನನ ಹೆಸರು. ಮಾವಶಿಯ ಖಾನಾವಳಿಯ ಬೋರ್ಡಿನಲ್ಲೂ ತೀರಿಹೋದ ಗಂಡನ ಹೆಸರೇ ಇತ್ತು. ನಡೆಸಿದವರು ಮಾತ್ರ ಅವರೇ.

ಮುಂಬಯಿಯ ಗಿರಣಿ ಕಾರ್ಮಿಕರಿಗೆ ಮನೆಯಲ್ಲೇ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸರ ಸಂಗತಿ ನಾನು ಓದಿದ್ದು ಬಹಳ ತಡವಾಗಿ. ಕಿರಾಣಿಗೆ ಸಾಲ, ಸಾಲಕ್ಕೆ ದುಬಾರಿ ಬಡ್ಡಿ, ಹೀಗಿತ್ತು ಅವರ ಬಾಳು. 1975ರಲ್ಲಿ ಪ್ರೇಮಾ ಪುರವ ಎಂಬುವರು ಅವರನ್ನು ಒಟ್ಟುಗೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು, ಅವರ ಹೆಸರಿನಲ್ಲೇ ಬ್ಯಾಂಕಿನ ಸಾಲ ಕೊಡಿಸಿದರು. ಅದನ್ನು ಓದಿ ಮಾವಶಿಗೆ ಹೇಳಿದಾಗ ಅವರು ಚಿಲ್ಲರೆ ಎಣಿಸುವುದನ್ನು ಬಿಟ್ಟು, “ಹೆಂಗಸರ ಹೆಸರೀಲೆ ಕೊಟ್ಟರಾ?” ಎಂದು ಎರಡು ಸಲ ಕೇಳಿದರು.

ಮಾವಶಿ ಈಗಿಲ್ಲ. ಗಲ್ಲಾದಲ್ಲಿ ಅವರ ಸೊಸೆ. ನಮ್ಮೂರ ಸುತ್ತಲಿನ ಹೊಲವೆಲ್ಲ ಕಬ್ಬು. ಉಗಾರದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದೇ 1939ರಲ್ಲಿ. ಹೀಗಾಗಿ ನಾವೂ ಜೋಳವನ್ನು ವಿಜಯಪುರದ ಕಡೆಯದೆಂದು ಕೇಳಿ ಕೊಳ್ಳುವವರೇ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ನಮ್ಮ ಜೋಳಕ್ಕೆ ಬೆಂಗಳೂರಿನಲ್ಲಿ ಬಹಳ ಮಾನ. ರೊಟ್ಟಿ ಬಡಿಯುವವರು ಮಾತ್ರ ಸಿಗುತ್ತಿಲ್ಲ. ಹೊಸ ಹುಡುಗಿಯರು ಒಲೆಯ ಮುಂದೆ ಕೂಡಲು ಒಲ್ಲೆನ್ನುತ್ತಾರೆ. ಹಳೆಯ ಗಿರಾಕಿಗಳು ಇದಕ್ಕೆ ಕಾಲ ಕೆಟ್ಟಿತು ಎಂದು ಗೊಣಗುತ್ತಾರೆ. ನಾನು ಗೊಣಗಲಾರೆ. ನನ್ನ ತರಗತಿಯ ಹುಡುಗಿಯರಿಗೆ ಅದನ್ನೇ ಮಾಡಿರೆಂದು ನಾನು ಹೇಳುವೆನೇ?

ಹಾಗೆ ನೋಡಿದರೆ ಈಗ ಅಲ್ಲಿ ಬಡಿಯುವವಳು ನನ್ನ ಹಳೆಯ ವಿದ್ಯಾರ್ಥಿನಿಯೇ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು, ಲೆಕ್ಕದಲ್ಲಿ ಚುರುಕು. 2020ರಲ್ಲಿ ಲಾಕ್‌ಡೌನ್ ಆಗಿ ಖಾನಾವಳಿ ಮುಚ್ಚಿದಾಗ ಮನೆಯಲ್ಲೇ ಕಡಕ್ ರೊಟ್ಟಿ ಮಾಡಿ ಮಾರಿದಳು. ಕಿಲೋ ಹಿಟ್ಟಿಗೆ ರೊಟ್ಟಿ ಎಷ್ಟು, ರೊಟ್ಟಿಗೆ ಉಳಿಯುವುದು ಎಷ್ಟು ಎಂಬುದು ಆಗ ಅವಳಿಗೆ ಪಕ್ಕಾ ಆಯಿತು. ಖಾನಾವಳಿ ಮತ್ತೆ ತೆರೆದಾಗ ಕರೆಯಲು ಬಂದ ಸೊಸೆಗೆ ಎರಡು ಮಾತು ಹೇಳಿದಳಂತೆ. ಪಗಾರ ದಿನದ ಲೆಕ್ಕದಲ್ಲಿ ಬೇಡ, ರೊಟ್ಟಿಯ ಲೆಕ್ಕದಲ್ಲಿ ಕೊಡಬೇಕು. ಎರಡನೆಯದು, “ಮೊದಲ ನಾವು ಉಣತೀವಿ, ಆಮ್ಯಾಲ ಗಿರಾಕಿ.”

ಮೊದಲನೆಯದಕ್ಕೆ ಸೊಸೆ ಬೇಗ ಒಪ್ಪಿದಳು. ಎರಡನೆಯದಕ್ಕೆ ಹದಿನೈದು ದಿನ ಹಿಡಿಯಿತು. ಗಿರಾಕಿ ಕಾಯುವುದಿಲ್ಲ, ಎದುರಿನ ಹೋಟೆಲಿಗೆ ಹೋಗುತ್ತಾರೆ ಎಂಬ ಭಯ ಅವಳಿಗೆ. ಕೆಲವರು ಹೋದದ್ದೂ ಹೌದು. ಆದರೆ ಬಡಿಯುವ ಬೇರೆ ಕೈ ಸಿಗಲಿಲ್ಲ.

ಈಗ ಬಾಗಿಲಲ್ಲಿ ಸುಣ್ಣದ ಕಡ್ಡಿಯಿಂದ ಬರೆದ ಹಲಗೆ ಇದೆ: ‘ಊಟ 12.30ರಿಂದ’. ನನ್ನ ಬಸ್ಸು ಅಥಣಿ ಮುಟ್ಟುವುದು ಹನ್ನೆರಡಕ್ಕೆ. ಹೊರಗಿನ ಕಟ್ಟೆಯ ಮೇಲೆ ಇನ್ನೂ ಮೂರ್ನಾಲ್ಕು ಜನ ಗಡಿಯಾರ ನೋಡುತ್ತ ಕುಳಿತಿರುತ್ತಾರೆ. ಒಳಗೆ ಪಟ ಪಟ ಸುರುವಾಗಿರುತ್ತದೆ, ಪಾಳಿಯ ಮೇಲೆ ಒಬ್ಬರಿಗೊಬ್ಬರು ಬಡಿದು ಹಾಕುತ್ತಾರೆ. ಒಬ್ಬ ವ್ಯಾಪಾರಿ ಮೊನ್ನೆ, “ರೊಟ್ಟಿ ಆಗ್ಯಾವಲ್ರಿ, ಯಾಕ ಕೊಡವಲ್ರಿ?” ಎಂದು ಸೊಸೆಗೆ ದಬಾಯಿಸಿದ. ಅವಳು ಗಲ್ಲಾದಿಂದ ತಲೆಯೆತ್ತದೆ, “ಅವು ನಿಮ್ಮವು ಅಲ್ರೀ,” ಎಂದಳು.