ಹಾನ್ಲೆಯ ಬಾನಿನಲ್ಲಿ ಉಲ್ಕಾವೃಷ್ಟಿ

ಲೇಹ್ ಪಟ್ಟಣದಿಂದ ಸಿಂಧೂನದಿಯ ದಂಡೆಯನ್ನು ಹಿಡಿದು ಹೊರಟ ದಾರಿ ಉಪ್ಶಿ, ಚುಮಾಥಾಂಗ್, ನ್ಯೋಮಾಗಳನ್ನು ದಾಟಿ, ಲೋಮಾ ಸೇತುವೆಯ ಬಳಿ ನದಿಯನ್ನು ಅಗಲಿ, ಸುಮಾರು 250 ಕಿಲೋಮೀಟರುಗಳ ಕೊನೆಗೆ ಹಾನ್ಲೆಯ ಬಯಲನ್ನು ಮುಟ್ಟುತ್ತದೆ. ಕಣ್ಣು ಹರಿಯುವಷ್ಟು ದೂರವೂ ಬೋಳು ಬೆಟ್ಟಗಳು. ಒಂದು ಗುಡ್ಡದ ಮೇಲೆ ಹದಿನೇಳನೆಯ ಶತಮಾನದ ಬೌದ್ಧವಿಹಾರ. ಇನ್ನೊಂದರ ನೆತ್ತಿಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ. ಅಲ್ಲಿರುವ ಎರಡು ಮೀಟರ್ ದರ್ಪಣದ ದೂರದರ್ಶಕವನ್ನು ಉಪಗ್ರಹ ಸಂಪರ್ಕದಿಂದ ನಡೆಸುವ ವಿಜ್ಞಾನಿಗಳು ಕುಳಿತಿರುವುದು ಮಾತ್ರ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ!

ಹಾನ್ಲೆಯ ಐಶ್ವರ್ಯವೆಂದರೆ ಅದರ ಕತ್ತಲೆ. 2022ರಲ್ಲಿ ಈ ಪ್ರದೇಶದ 1,073 ಚದರ ಕಿಲೋಮೀಟರುಗಳನ್ನು ಕತ್ತಲೆಯ ಬಾನಿನ ರಕ್ಷಿತ ವಲಯವೆಂದು ಸಾರಲಾಯಿತು. ಇಲ್ಲಿನ ಹಳ್ಳಿಗರು ಬೀದಿಯ ಬೆಳಕಿಗಾಗಿ ಹಂಬಲಿಸುವ ಬದಲು ಕಿಟಕಿಗಳಿಗೆ ದಪ್ಪ ಪರದೆಗಳನ್ನು ಇಳಿಬಿಟ್ಟು, ದೀಪಗಳಿಗೆ ಮರೆ ಕಟ್ಟಿ, ನಕ್ಷತ್ರಗಳನ್ನು ಕಾಯುತ್ತಾರೆ. ಅವರಲ್ಲಿ ಹಲವರು ತರಬೇತಿ ಪಡೆದು, ಚಿಕ್ಕ ದೂರದರ್ಶಕಗಳಲ್ಲಿ ಪ್ರವಾಸಿಗಳಿಗೆ ಆಕಾಶವನ್ನು ತೋರಿಸುತ್ತಾರೆ.

ಡಿಸೆಂಬರ್ ತಿಂಗಳ 13, 14ರ ಸುಮಾರಿನ ರಾತ್ರಿಗಳಲ್ಲಿ ಈ ಕತ್ತಲೆಗೆ ಒಂದು ಉತ್ಸವವುಂಟು. ಫೇಥಾನ್ ಎಂಬ ಕ್ಷುದ್ರಗ್ರಹ ತನ್ನ ಹಾದಿಯಲ್ಲಿ ಉದುರಿಸಿಹೋದ ಧೂಳಿನ ಮೂಲಕ ಭೂಮಿ ಆಗ ಹಾದುಹೋಗುತ್ತದೆ. ಕಣಗಳು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಿಂದ ವಾಯುಮಂಡಲವನ್ನು ಹೊಕ್ಕು ಉರಿಯುತ್ತವೆ. ಸಮಾನಾಂತರವಾದ ರೈಲುಕಂಬಿಗಳು ದೂರದಲ್ಲಿ ಕೂಡಿದಂತೆ ತೋರುವ ಹಾಗೆ, ಈ ಉಲ್ಕೆಗಳೆಲ್ಲ ಮಿಥುನರಾಶಿಯ ಒಂದೇ ಬಿಂದುವಿನಿಂದ ಚಿಮ್ಮಿದಂತೆ ಕಾಣುತ್ತವೆ. ಪಂಚಾಂಗದ ಪುನರ್ವಸು ಎಂಬ ಜೋಡಿ ತಾರೆಗಳಲ್ಲಿ ಒಂದರ ಮಗ್ಗುಲಲ್ಲೇ ಆ ಬಿಂದುವಿದೆ. ರಾತ್ರಿ ಎರಡು ಗಂಟೆಯ ಸುಮಾರಿಗೆ ಅದು ಹಾನ್ಲೆಯ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತದೆ.

ಈ ಉತ್ಸವವನ್ನು ಚಿತ್ರದಲ್ಲಿ ಹಿಡಿಯಬಂದವನ ಪಾಡು ಸುಲಭದ್ದಲ್ಲ. ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿದಾಗ ಬ್ಯಾಟರಿಗಳು ಬೇಗ ಸೋಲುತ್ತವೆ. ಬೇರೆಯವನ್ನು ಕೋಟಿನೊಳಗೆ, ಮೈಯ ಬಿಸಿಗೆ ತಾಗಿಸಿ ಇಟ್ಟುಕೊಳ್ಳಬೇಕು. ಒಂಬತ್ತು ಗಂಟೆಗೆ ಮಿಥುನ ಈಶಾನ್ಯದ ಬೆಟ್ಟದ ಮೇಲೆ ಕಾಣಿಸಿಕೊಂಡಾಗ ಕೆಲಸ ಆರಂಭ. ರಾಶಿ ಮೇಲೇರಿದಂತೆ ಕ್ಯಾಮೆರಾದ ಮುಖವನ್ನೂ ಎತ್ತುತ್ತ, ಒಂದೊಂದು ಚಿತ್ರಕ್ಕೆ 20 ಸೆಕೆಂಡುಗಳಂತೆ ಬೆಳಗಿನ ಜಾವ ಮೂರರವರೆಗೆ ತೆಗೆದರೆ ಸಾವಿರಕ್ಕೂ ಹೆಚ್ಚು ಚಿತ್ರಗಳಾಗುತ್ತವೆ. ಬಹುಪಾಲು ಚಿತ್ರಗಳಲ್ಲಿ ನಕ್ಷತ್ರಗಳಲ್ಲದೆ ಮತ್ತೇನೂ ಇರುವುದಿಲ್ಲ. ಗೆರೆ ಮೂಡಿದ್ದೆಲ್ಲ ಉಲ್ಕೆಯೂ ಅಲ್ಲ. ಉಪಗ್ರಹದ ಗೆರೆ ಒಂದರ ಹಿಂದೊಂದು ಚಿತ್ರದಲ್ಲಿ ಮುಂದುವರಿಯುತ್ತದೆ. ವಿಮಾನದ ಗೆರೆಯಲ್ಲಿ ಮಿನುಗುವ ಚುಕ್ಕೆಗಳಿರುತ್ತವೆ. ಉಲ್ಕೆಯಾದರೋ ಸಾಮಾನ್ಯವಾಗಿ ಒಂದೇ ಚಿತ್ರದಲ್ಲಿ ಸಣ್ಣಗೆ ಹುಟ್ಟಿ, ನಡುವೆ ಉಬ್ಬಿ, ಮೊನಚಾಗಿ ಮುಗಿಯುತ್ತದೆ.

ಹೀಗೆ ಆರಿಸಿದ ಉಲ್ಕೆಗಳನ್ನು ಕಂಪ್ಯೂಟರಿನಲ್ಲಿ ಪದರಪದರವಾಗಿ ಒಂದೇ ಚಿತ್ರಕ್ಕೆ ಸೇರಿಸುವಾಗ ಚಿತ್ರಕಾರನ ಪ್ರಾಮಾಣಿಕತೆಗೆ ಪರೀಕ್ಷೆ ಒದಗುತ್ತದೆ. ಭೂಮಿ ಗಂಟೆಗೆ 15 ಅಂಶದಂತೆ ತಿರುಗುವುದರಿಂದ ಒಂಬತ್ತು ಗಂಟೆಯ ಆಕಾಶ ನಡುರಾತ್ರಿಯ ಆಕಾಶವಲ್ಲ. ಕಂಡಕಂಡಲ್ಲಿ ಅಂಟಿಸಿದರೆ ಗೆರೆಗಳು ಗಾಳಿಗೆ ಚೆದರಿದ ಹುಲ್ಲುಕಡ್ಡಿಗಳಂತಾಗುತ್ತವೆ. ಆದುದರಿಂದ ಒಂಬತ್ತು ಗಂಟೆಯ ಒಂದು ಚಿತ್ರವನ್ನು ತಳಹದಿಯಾಗಿ ಇಟ್ಟುಕೊಂಡು, ಉಳಿದವನ್ನು ಧ್ರುವನಕ್ಷತ್ರದ ಸುತ್ತ ಹಿಂದಕ್ಕೆ ತಿರುಗಿಸಿ, ತಾರೆಯ ಮೇಲೆ ತಾರೆ ಕೂಡುವಂತೆ ಹೊಂದಿಸಬೇಕು. ಆ ಬಳಿಕ ಉಲ್ಕೆಯನ್ನು ಉಳಿಸಿ ಮಿಕ್ಕ ಭಾಗವನ್ನು ಮರೆಮಾಡಬೇಕು. ಹೀಗೆ ತಿರುಗಿಸಿದಾಗ ಕೆಲವು ಉಲ್ಕೆಗಳು ಬೆಟ್ಟದ ಅಂಚಿನ ಕೆಳಗೆ ಇಳಿದುಬಿಡುತ್ತವೆ. ಅವು ಎಷ್ಟೇ ಉಜ್ಜ್ವಲವಾಗಿದ್ದರೂ ಬಿಡಲೇಬೇಕು. ಬೇರೆಡೆಗೆ ಸರಿಸಿದರೆ ಅದು ಚಿತ್ರವಾದೀತೇ ಹೊರತು ಸಾಕ್ಷ್ಯವಾಗದು. ನಿಯಮ ತಪ್ಪದೆ ಹೊಂದಿಸಿದಾಗ ಮಿಥುನದ ಉಲ್ಕೆಗಳೆಲ್ಲ ಪುನರ್ವಸುವಿನ ಮಗ್ಗುಲಿಗೇ ಬೆರಳು ತೋರುತ್ತವೆ. ಆ ದಿಕ್ಕಿಗೆ ಒಗ್ಗದೆ ಅಡ್ಡಹಾಯುವ ಗೆರೆ ಬೇರೆ ಮೂಲದ ಉಲ್ಕೆಯೆಂಬುದೂ ಆಗ ತಾನಾಗಿ ತಿಳಿದುಬರುತ್ತದೆ.

ಇಂಥ ಚಿತ್ರ ನಿಜವೇ, ಸುಳ್ಳೇ? ಯಾವ ಕಣ್ಣೂ ಅಷ್ಟು ಉಲ್ಕೆಗಳನ್ನು ಒಂದೇ ಕ್ಷಣದಲ್ಲಿ ಕಂಡಿಲ್ಲ. ಆದರೂ ಪ್ರತಿಯೊಂದೂ ಆ ರಾತ್ರಿ ಆ ನಕ್ಷತ್ರಗಳ ನಡುವೆಯೇ ಉರಿದದ್ದು. ಚದರಿದ ಕ್ಷಣಗಳಲ್ಲಿ ಕಣ್ಣಿಗೆ ಸಿಕ್ಕದ ಕ್ರಮವನ್ನು ಚಿತ್ರ ತೋರಿಸಿಕೊಡುತ್ತದೆ. ಕೆಳಗೆ "ಆರು ಗಂಟೆಗಳ ಉಲ್ಕೆಗಳನ್ನು ಕೂಡಿಸಿದ್ದು" ಎಂದು ಒಂದು ಸಾಲು ಬರೆದರೆ ಸಾಕು. ಆ ಸಾಲು ಇಲ್ಲದಿದ್ದರೆ, ಚಿತ್ರವನ್ನು ನಂಬಿ ಮಕ್ಕಳೊಡನೆ ಮಹಡಿ ಹತ್ತಿದ ಗೃಹಸ್ಥ ಬೆಂಕಿಯ ಮಳೆಗಾಗಿ ಕಾದು, ನಿರಾಶನಾಗಿ, ನಿಜವಾದ ಆಕಾಶವನ್ನೇ ಹಳಿಯುತ್ತ ಇಳಿದು ಬಂದಾನು.

ಹಾನ್ಲೆಗೆ ಹೋಗಲಾರದವರೂ ಡಿಸೆಂಬರಿನ ಆ ರಾತ್ರಿ ಊರ ದೀಪಗಳನ್ನು ಬೆನ್ನಿಗೆ ಹಾಕಿ ಕುಳಿತರೆ, ನಾಲ್ಕಾರು ಉಲ್ಕೆಗಳನ್ನಾದರೂ ಕಂಡಾರು. ಬಂದ ಗೆರೆಯನ್ನು ಹಿಂದಕ್ಕೆ ಎಳೆದು ಪುನರ್ವಸುವಿನ ಬಳಿ ಮುಟ್ಟಿಸಿ ನೋಡುವ ಆಟಕ್ಕೆ ಕ್ಯಾಮೆರಾ ಬೇಕಿಲ್ಲ; ಬೆಚ್ಚನೆಯ ಒಂದು ಕಂಬಳಿ ಇದ್ದರಾಯಿತು.